ಕರುಳು ಸ್ಕ್ಯಾನ್‌ನಲ್ಲಿ ಚೆನ್ನಾಗಿತ್ತು

ಸಿಯಾಟಲ್‌ನಲ್ಲಿ ನಾನು ಮನಶ್ಶಾಸ್ತ್ರಜ್ಞ. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವವರಲ್ಲಿ ಜಾಸ್ತಿ ಜನ ಬೇರೆ ಬೇರೆ ದೇಶಗಳಿಂದ ವಲಸೆ ಬಂದವರು.

ಹೋದ ಚಳಿಗಾಲದಲ್ಲಿ ಹಾಸನದ ಕಡೆಯ ಒಬ್ಬ ಅಮ್ಮ ಬಂದಿದ್ದರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಗಂಡ ತೀರಿಕೊಂಡು ವರ್ಷ ತುಂಬುವ ಮೊದಲೇ ಮಗ ಇಲ್ಲಿಗೆ ಕರೆತಂದಿದ್ದ. ನಾಲ್ಕೂವರೆಗೆಲ್ಲ ಕತ್ತಲು, ಹೊರಗೆ ಜಿಟಿಜಿಟಿ ಮಳೆ. ಮೊದಲು ಹೋದ ಕ್ಲಿನಿಕ್‌ನಲ್ಲಿ ಇವರು "ಕರುಳು ಕಿವುಚಿದ ಹಾಗಾಗುತ್ತೆ" ಅಂದಿದ್ದಾರೆ. ಫೋನಿನಲ್ಲಿದ್ದ ದುಭಾಷಿ ಪದಕ್ಕೆ ಪದ ಇಟ್ಟು ಹೇಳಿದ್ದಾರೆ. ಹೊಟ್ಟೆ ಸ್ಕ್ಯಾನ್ ಆಯಿತು. ಕರುಳು ಚೆನ್ನಾಗಿತ್ತು.

ಬೆಂಗಳೂರಿನಲ್ಲಿ ಎಂ.ಫಿಲ್. ಮುಗಿಸಿ ಬಂದವನು ಇಲ್ಲಿ ಮತ್ತೆ ಡಾಕ್ಟರೇಟ್ ಮಾಡಿದೆ, ಹಿರಿಯರ ಕೈಕೆಳಗೆ ದುಡಿದೆ, 225 ಪ್ರಶ್ನೆಗಳ ಲೈಸೆನ್ಸ್ ಪರೀಕ್ಷೆ ಬರೆದೆ. ಕರುಳಿನ ಪ್ರಶ್ನೆ ಅದರಲ್ಲಿರಲಿಲ್ಲ!

ಹಾಗಂತ ಇಲ್ಲಿಯವರಿಗೆ ಇದು ಗೊತ್ತಿಲ್ಲ ಅಂತಲ್ಲ. 1970ರ ದಶಕದಲ್ಲೇ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಸೂ ಇದೇ ಸಿಯಾಟಲ್ ಸುತ್ತಿನ ಮಾನಸಿಕ ಆರೋಗ್ಯ ಕೇಂದ್ರಗಳ ದಾಖಲೆ ನೋಡಿದ್ದರು. ಏಷ್ಯಾ ಮೂಲದವರಲ್ಲಿ ಸುಮಾರು ಅರ್ಧ ಜನ ಮೊದಲ ಭೇಟಿಯ ನಂತರ ಬರಲೇ ಇಲ್ಲ. ಬಿಳಿಯರಲ್ಲಿ ಹಾಗೆ ಬಿಟ್ಟುಹೋದವರು ಶೇ 30ರಷ್ಟು. ಮನೋರೋಗಗಳನ್ನು ಗುರುತಿಸಲು ಇಲ್ಲಿಯವರು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಸಂಸ್ಕೃತಿಯ ಬಗ್ಗೆಯೇ 16 ಪ್ರಶ್ನೆಗಳ ಸಂದರ್ಶನವಿದೆ. ಈ ತೊಂದರೆಯನ್ನು ನಿಮ್ಮ ಮನೆಯವರ ಹತ್ತಿರ ಹೇಗೆ ಹೇಳುತ್ತೀರಿ ಅನ್ನುವುದು ಅದರಲ್ಲೊಂದು. ಬೆಂಗಳೂರಿನಲ್ಲಿದ್ದಾಗ ನಾನು ಯಾರಿಗೂ ಹೀಗೆ ಕೇಳಿರಲಿಲ್ಲ. ಕನ್ನಡ ಬರುತ್ತಲ್ಲ, ಇನ್ನೇನು ಕೇಳುವುದು ಅಂದುಕೊಂಡಿದ್ದೆ. ಬೀದರಿನವರು ಬಂದು ಕೂತಾಗಲೂ!

ಕೇಳುವುದನ್ನು ಇಲ್ಲಿ ಕಲಿತೆ. ಆದರೆ ಬಾಗಿಲ ವಿಷಯದಲ್ಲಿ ನಾನಿನ್ನೂ ಊರಿನ ಕಡೆಗೇ. ಇಲ್ಲಿ ಐವತ್ತು ನಿಮಿಷ, ಬಾಗಿಲು ಹಾಕಿ, ಒಬ್ಬರೇ ಕೂರಬೇಕು. 1950ರ ದಶಕದಲ್ಲಿ ಅಮೃತಸರದ ಮನೋವೈದ್ಯ ಡಾ. ವಿದ್ಯಾಸಾಗರ್ ರೋಗಿಗಳ ಜೊತೆ ಮನೆಯವರನ್ನೂ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿ ಉಳಿಸಿಕೊಂಡಿದ್ದರು. ನಿಮ್ಹಾನ್ಸ್‌ನಲ್ಲೂ ರೋಗಿಯ ಜೊತೆ ಮನೆಯವರು ಉಳಿಯುವುದು ಮಾಮೂಲು. ಅತ್ತೆ ಪಕ್ಕದಲ್ಲಿ ಕೂತರೆ ಸೊಸೆ ಬಾಯಿ ಬಿಡುವುದಿಲ್ಲ, ಒಪ್ಪಿದೆ. ಅಂಥವರಿಗೆ ಬಾಗಿಲು ಹಾಕಲೇಬೇಕು.

ಆ ಅಮ್ಮನ ಮಗನಿಗೆ ಹೊರಗೆ ಕೂರಲು ಹೇಳಿದೆ. ಅವರು ಕುರ್ಚಿಯ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದರು.

"ಅವ್ನೂ ಕೇಳ್ಲಿ ಬಿಡಪ್ಪ. ವರ್ಷದ ತಿಥಿಗೆ ನಾನು ಊರಲ್ಲಿರ್ಬೇಕು. ನಿನ್ನೊಬ್ನಿಗೇ ಹೇಳಿ ಏನ್ಮಾಡ್ಲಿ? ಟಿಕೆಟ್ ಮಾಡ್ಸೋನು ಅವ್ನು ತಾನೇ?"

ಒಪ್ಪಿಗೆ ಫಾರಂಗೆ ಸಹಿ ಹಾಕಿಸಿ, ಇನ್ನೊಂದು ಕುರ್ಚಿ ಎಳೆದೆ.