ಎಲ್ಲ ಜೋಶಿಗಳೂ ಒಂದೇ ಮನೆಯವರಲ್ಲ

ಮಹಾರಾಷ್ಟ್ರದಲ್ಲಿ ಶಾಲೆಯ ಹಾಜರಿಪಟ್ಟಿಯಿಂದ ಹಿಡಿದು ಸರ್ಕಾರಿ ಅರ್ಜಿಗಳವರೆಗೆ ಸಾಮಾನ್ಯವಾಗಿ ಅಡ್ಡಹೆಸರೇ ಮೊದಲು ಬರುತ್ತದೆ. ಹೀಗಾಗಿ ಒಂದೇ ಅಡ್ಡಹೆಸರಿನ ಗಣ್ಯರನ್ನೆಲ್ಲ ಸಾಲಾಗಿ ಹೆಸರಿಸಿ 'ನಮ್ಮವರು' ಎಂದು ಬೀಗುವ ರೂಢಿ ಪುಣೆಯಲ್ಲಿ ಧಾರಾಳವಾಗಿದೆ. ಹಳೆಯ ಮೈಸೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ನನಗೆ ಆ ಹೆಮ್ಮೆ ಇನ್ನೂ ರುಚಿಸಿಲ್ಲ.

ಜೋಶಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಪಂಚಾಂಗ ನೋಡಿ ಮುಹೂರ್ತ ಹೇಳುವ ವೃತ್ತಿಯಿಂದ ಹುಟ್ಟಿದ ಈ ಹೆಸರು ಕುಮಾವೂಂ ಬೆಟ್ಟಗಳಿಂದ ಗದಗಿನವರೆಗೆ ಹಬ್ಬಿರುವುದರಿಂದ, ಅದನ್ನು ಹೊತ್ತವರ ನಡುವೆ ರಕ್ತಸಂಬಂಧವಾಗಲಿ ಭಾಷೆಯ ನಂಟಾಗಲಿ ಇರಲೇಬೇಕೆಂದಿಲ್ಲ. 1886ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ವೈದ್ಯಪದವಿ ಪಡೆದ ಆನಂದಿಬಾಯಿ ಜೋಶಿ, 2008ರಲ್ಲಿ ಭಾರತರತ್ನಕ್ಕೆ ಪಾತ್ರರಾದ ಭೀಮಸೇನ ಜೋಶಿ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಕಿತ್ತ ಸುನಿಲ್ ಜೋಶಿ, ಈ ಮೂವರ ಸಾಧನೆಗೂ ಅಡ್ಡಹೆಸರಿಗೂ ಏನು ಸಂಬಂಧ? ಭೀಮಸೇನರೂ ಸುನಿಲರೂ ಗದಗಿನ ನೆಲದವರೆಂಬುದಕ್ಕಾದರೂ ಒಂದು ಅರ್ಥವಿದೆ. ಇನ್ನು ರೈತ ಸಂಘಟಕ ಶರದ್ ಜೋಶಿ ಮತ್ತು ಹಿಂದಿಯ ವಿಡಂಬನಕಾರ ಶರದ್ ಜೋಶಿ ಅವರ ವಿಷಯದಲ್ಲಂತೂ ನಮ್ಮ ಇನಿಷಿಯಲ್‌ಗಳೇ ಕಾಪಾಡಬೇಕು.

1967ರ ಜ್ಞಾನಪೀಠ ಪ್ರಶಸ್ತಿಯನ್ನು ಕುವೆಂಪು ಅವರೊಂದಿಗೆ ಹಂಚಿಕೊಂಡವರು ಗುಜರಾತಿ ಕವಿ ಉಮಾಶಂಕರ ಜೋಶಿ. ಉಮಾಶಂಕರ ಜೇಠಾಲಾಲ ಜೋಶಿ ಎಂಬ ಪೂರ್ಣನಾಮದಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಇವೆ, ಅವರು ಹುಟ್ಟಿದ ಬಾಮಣಾ ಗ್ರಾಮಕ್ಕೆ ಅಲ್ಲಿ ಜಾಗವಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಲ್ಲಿ ಊರೂ ತಂದೆಯೂ ಇದ್ದಾರೆ, ಅಡ್ಡಹೆಸರಿನ ಗೊಡವೆಯೇ ಇಲ್ಲ. ಧಾರವಾಡದ ಬೇಂದ್ರೆಯವರನ್ನು ನೆನೆದರೆ ಕರ್ನಾಟಕದೊಳಗೇ ಎರಡೂ ಕ್ರಮಗಳಿರುವುದು ಕಾಣುತ್ತದೆ, ಆದ್ದರಿಂದ ಇದು ಕನ್ನಡ-ಮರಾಠಿಗಳ ಜಗಳವಲ್ಲ.

ನನ್ನ ತಕರಾರು ಇರುವುದು ಅಡ್ಡಹೆಸರು ಕೇಳಿದ ಕೂಡಲೇ ಬರುವ 'ಎಲ್ಲಿಯ ಜೋಶಿ?' ಎಂಬ ಪ್ರಶ್ನೆಯ ಬಗ್ಗೆ. ಊರನ್ನು ವಿಚಾರಿಸಿದಂತೆ ಕಂಡರೂ ಅನೇಕ ವೇಳೆ ಅದು ಬ್ರಾಹ್ಮಣರ ಒಳಪಂಗಡಗಳಲ್ಲಿ ಕೊಂಕಣಸ್ಥರೋ ದೇಶಸ್ಥರೋ ಎಂದು ತಿಳಿಯುವ ಉಪಾಯ. ನಮ್ಮ ಕಡೆಯವರಿಗೆ ಈ ಚಪಲವಿಲ್ಲವೆಂದು ಹೇಳಲಾರೆ. ಊರು, ಮನೆದೇವರು, ನೆಂಟರಿಷ್ಟರು ಎಂದು ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ಆದರೆ ಇನಿಷಿಯಲ್‌ಗಳಿದ್ದಾಗ ಅಷ್ಟು ಶ್ರಮವನ್ನಾದರೂ ಪಡಬೇಕಾಗುತ್ತದೆ, ಅಷ್ಟರಲ್ಲಿ ಎದುರಿಗಿದ್ದವನ ಕೆಲಸದ ಬಗ್ಗೆ ನಾಲ್ಕು ಮಾತು ನಡೆದಿರುತ್ತದೆ.