ಟ್ಯಾಂಗೋದಲ್ಲಿ ಜೋಡಿಯ ಹೆಜ್ಜೆಯೂ ನಿಮಗೆ ಗೊತ್ತಿರಬೇಕು

ಬಾಲ್‌ರೂಮ್ ಟ್ಯಾಂಗೋ ಅನ್ನುವ ಜೋಡಿ ನೃತ್ಯ ಕಲಿಯುವವರಲ್ಲಿ ಮುಕ್ಕಾಲು ಪಾಲು ಜನರಿಗೆ ತಟ್ಟನೆ ತಲೆ ತಿರುಗಿಸುವುದರ ಮೇಲೇ ಕಣ್ಣು. ಇಬ್ಬರೂ ಒಂದೇ ಕಡೆಗೆ ತೆರೆದುಕೊಂಡು ಸಾಗುವ ಪ್ರೊಮನೇಡ್ ಭಂಗಿ ಅಂದರೆ ಅಷ್ಟೇ ಅಂದುಕೊಂಡಿರುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ ಪಾಠ. ಎದುರಿಗಿರುವವರ ಕಾಲು ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು.

ಎದುರುಬದುರು ನಿಂತವರನ್ನು ಪ್ರೊಮನೇಡಿಗೆ ತರುವ ಪ್ರೋಗ್ರೆಸಿವ್ ಲಿಂಕನ್ನೇ ನೋಡಿ. ಎರಡೇ ಹೆಜ್ಜೆ, ಎರಡೂ ಕ್ವಿಕ್, ಅಂದರೆ ಅರ್ಧ ಬೀಟಿನ ಹೆಜ್ಜೆ. ಲೀಡ್ ಮಾಡುವವರು, ಅಂದರೆ ಜೋಡಿಯನ್ನು ನಡೆಸುವವರು, ಎಡಗಾಲು ಮುಂದಿಟ್ಟು, ಬಲಗಾಲನ್ನು ಪಕ್ಕಕ್ಕೆ, ಚೂರು ಹಿಂದಕ್ಕೆ ಇಡುತ್ತಾರೆ. ಮೈ ಸ್ವಲ್ಪ ಬಲಕ್ಕೆ ಹೊರಳಿದರೆ ಅವರ ಕೆಲಸ ಮುಗಿಯಿತು. ಫಾಲೋ ಮಾಡುವವರ ಪಾಡು ಬೇರೆ. ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ. ಅಷ್ಟರೊಳಗೆ ಅವರು 90 ಡಿಗ್ರಿ ಬಲಕ್ಕೆ ತಿರುಗಿರಬೇಕು. ಟ್ಯಾಂಗೋ 2/4 ತಾಳ, ಅಂದರೆ ಒಂದು ಬಾರಿನಲ್ಲಿ (ಆವರ್ತದಲ್ಲಿ) ಎರಡು ಬೀಟು; ನಿಮಿಷಕ್ಕೆ ಹೆಚ್ಚುಕಮ್ಮಿ 32 ಬಾರ್. ಒಂದು ಕ್ವಿಕ್ಕಿಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಹೀಗಿರುವಾಗ ಲೀಡ್ ಮಾಡುವವರು ಸೊಂಟದಿಂದ ಸುಳಿವು ಕೊಡುವುದು ಬಿಟ್ಟು ಕೈಯಿಂದ ತಳ್ಳಿದರೆ ಏನಾಗುತ್ತದೆ? ಭುಜ ತಿರುಗುತ್ತದೆ, ಕಾಲು ಅಲ್ಲೇ ಇರುತ್ತದೆ.

ಸರಿಯಾಗಿ ತಿರುಗಿದರೆ ಒಬ್ಬರ ಬಲಪಕ್ಕ, ಇನ್ನೊಬ್ಬರ ಎಡಪಕ್ಕ ತಾಗಿಕೊಂಡೇ ಇರುತ್ತವೆ. ಆಚೆ ಬದಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ತೆರೆದುಕೊಳ್ಳುತ್ತದೆ. ಮೈ ಇಷ್ಟು ತಿರುಗಿದ ಮೇಲೆ ತಲೆಗೆ ಉಳಿಯುವ ದಾರಿ ಸ್ವಲ್ಪವೇ, ಅಲ್ವಾ? ಅದೂ ಫಾಲೋ ಮಾಡುವವರಿಗೆ. ಲೀಡ್ ಮಾಡುವವರ ನೋಟ ಮೊದಲಿನಿಂದಲೂ ಎಡಕ್ಕೇ ಇರುತ್ತದೆ.

ನಿಜವಾದ ತಾಪತ್ರಯ ಇರುವುದು ಕ್ಲೋಸ್ಡ್ ಪ್ರೊಮನೇಡಿನಲ್ಲಿ, ಅಂದರೆ ಪ್ರೊಮನೇಡಿನಿಂದ ಹೊರಟು ಮತ್ತೆ ಎದುರುಬದುರಾಗುವ ನಾಲ್ಕು ಹೆಜ್ಜೆಗಳಲ್ಲಿ. ಸ್ಲೋ, ಕ್ವಿಕ್, ಕ್ವಿಕ್, ಸ್ಲೋ. ಎರಡನೇ ಹೆಜ್ಜೆಯಲ್ಲಿ ಇಬ್ಬರೂ ಒಳಗಿನ ಕಾಲನ್ನು ಅಡ್ಡ ಹಾಯಿಸಿ ಮುಂದಿಡುತ್ತಾರೆ. ಲೀಡ್ ಮಾಡುವವರಿಗೆ ಅದು ಬಲಗಾಲು, ಫಾಲೋ ಮಾಡುವವರಿಗೆ ಎಡಗಾಲು. ಅಲ್ಲಿಂದ ಮೂರನೇ ಹೆಜ್ಜೆಗೆ ಹೋಗುವಷ್ಟರಲ್ಲಿ ಫಾಲೋ ಮಾಡುವವರು 90 ಡಿಗ್ರಿ ಎಡಕ್ಕೆ ತಿರುಗಿ ಮತ್ತೆ ಜೋಡಿಯ ಎದುರಿಗೆ ಬರಬೇಕು. ಲೀಡ್ ಮಾಡುವವರು ಮಾತ್ರ ತಿರುಗುವ ಗೋಜಿಲ್ಲದೆ ಸುಮ್ನೆ ಅದೇ ದಾರಿಯಲ್ಲಿ ಹೋಗುತ್ತಿರುತ್ತಾರೆ. ಹುಮ್ಮಸ್ಸಿನಲ್ಲಿ ಎರಡನೇ ಹೆಜ್ಜೆಯನ್ನು ಉದ್ದ ಹಾಕಿದರೋ, ಜೋಡಿಗೆ ಎದುರಿಗೆ ಬರಲು ಜಾಗವೇ ಇರುವುದಿಲ್ಲ. ಮೊಣಕಾಲಿಗೆ ಮೊಣಕಾಲು ಬಡಿಯುತ್ತದೆ. ಆಮೇಲೆ ಬೈಗುಳ ಯಾರಿಗೆ? "ನೀನು ಲೇಟು" ಅಂತ ಫಾಲೋ ಮಾಡುವವರಿಗೆ!

ವಾಲ್ಟ್ಜ್ ಕಲಿತು ಬಂದವರು ಇಲ್ಲೇ ಮಂಡಿ ನೆಟ್ಟಗೆ ಮಾಡಿ ಮೇಲೇಳುವುದೂ ಉಂಟು. ಟ್ಯಾಂಗೋದಲ್ಲಿ ಏರಿಳಿತ ಇಲ್ಲ. ಮಂಡಿ ಸಡಿಲವಾಗಿ ಬಾಗಿಯೇ ಇರಬೇಕು, ಪಾದವನ್ನು ಎತ್ತಿ ಇಡಬೇಕು.

ಇದಕ್ಕೆ ನಾನು ಹೇಳುವ ಮದ್ದು ಒಂದೇ. ಸಂಗೀತ ನಿಲ್ಲಿಸಿ, ಪಾತ್ರ ಅದಲುಬದಲು ಮಾಡಿಕೊಳ್ಳಿ. ಹೊಸಬರಿಗೆ ಗೊಂದಲವಾಗುತ್ತದೆ ಅನ್ನುವವರಿದ್ದಾರೆ. ಆಗಲಿ ಬಿಡಿ, ಒಂದೆರಡು ಸುತ್ತಿನಲ್ಲಿ ಸರಿಹೋಗುತ್ತದೆ. ಜೋಡಿಯ ಜಾಗದಲ್ಲಿ ನಿಂತು ಆ ಮೂರನೇ ಹೆಜ್ಜೆ ತಿರುಗಿ ನೋಡಿದವರು ತಮ್ಮ ಎರಡನೇ ಹೆಜ್ಜೆಯನ್ನು ತಾವಾಗಿಯೇ ಗಿಡ್ಡ ಮಾಡಿಕೊಳ್ಳುತ್ತಾರೆ. ಲೀಡ್ ಮಾಡುವವರನ್ನು ಒಂದು ಸಾಲಲ್ಲಿ, ಫಾಲೋ ಮಾಡುವವರನ್ನು ಇನ್ನೊಂದು ಸಾಲಲ್ಲಿ ನಿಲ್ಲಿಸಿ ಎಷ್ಟು ಹೊತ್ತು ಎಣಿಸಿದರೂ ಅದು ಬರುವುದಿಲ್ಲ.