ಮಾವ ಹೇಳಿಕೊಟ್ಟ ನೌನ್

ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ದಿನ ಕಳೆಯಲು ನಾಲ್ಕು ಭಾಷೆ ಬೇಕು. ಮನೆಯಲ್ಲಿ ಹವ್ಯಕ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸುಗಳಲ್ಲಿ ಮಲಯಾಳ. ಇಷ್ಟನ್ನು ಸುಧಾರಿಸುವವನಿಗೆ ಇಂಗ್ಲಿಷ್ ವ್ಯಾಕರಣ ಯಾವ ಲೆಕ್ಕ ಅಂದುಕೊಂಡಿದ್ದೆ. ಅಕ್ಕನ ಮನೆಗೆ ಹೋದಾಗ ಏಳನೇ ಕ್ಲಾಸಿನ ಅಳಿಯ ಪುಸ್ತಕ ಹಿಡಿದು ಬಂದ.

"ಮಾವ, ಪಾರ್ಟ್ಸ್ ಆಫ್ ಸ್ಪೀಚ್ ಗೊತ್ತುಂಟಾ?"

ನೌನ್, ಪ್ರೊನೌನ್, ವರ್ಬ್, ಆಡ್ವರ್ಬ್, ಆಡ್ಜೆಕ್ಟಿವ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಎಂಟನ್ನೂ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದೆ. ಅಲ್ಲಿಗೇ ಎದ್ದು ಹೋಗಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ವೆಲ್ ಯಾವುದು?"

"ಬಾವಿ. ನೌನ್."

"'ಶಿ ಸಿಂಗ್ಸ್ ವೆಲ್' ಅಂತ ಉಂಟು. ಬಾವಿಯಲ್ಲಿ ಹಾಡ್ತಾಳಾ?"

ಹೇಗೆ ಹಾಡುತ್ತಾಳೆ ಅಂತ ಹೇಳುವಾಗ ಅದು ಆಡ್ವರ್ಬ್. 'ಐ ಆಮ್ ವೆಲ್' ಅಂದರೆ ಆಡ್ಜೆಕ್ಟಿವ್. ಮಾತು ತೋಚದೆ 'ವೆಲ್...' ಅಂತ ಎಳೆದರೆ ಇಂಟರ್ಜೆಕ್ಷನ್. ಕಣ್ಣಲ್ಲಿ ನೀರು ಉಕ್ಕಿದರೆ ವರ್ಬ್ ಕೂಡ. ಒಂದೇ ಬಾವಿಗೆ ಐದು ಉದ್ಯೋಗ! ನಮ್ಮ ಗುಡ್ಡದ ಸುರಂಗವೇ ವಾಸಿ. ಅಡ್ಡಕ್ಕೆ ಕೊರೆದರೂ ನೀರು ಕೊಡುವುದು ಬಿಟ್ಟು ಬೇರೆ ತಂಟೆಗೆ ಹೋಗುವುದಿಲ್ಲ.

ಅವನು ಬಿಡಲಿಲ್ಲ. ಫಾಸ್ಟ್ ಪ್ಯಾಸೆಂಜರ್ ಬಸ್ಸಿನಲ್ಲಿ ಫಾಸ್ಟ್ ಆಗಿರುವುದು ಪ್ಯಾಸೆಂಜರೋ ಬಸ್ಸೋ ಅಂತ ಕೇಳಿದ. ಕಾಸರಗೋಡಿನ ರಸ್ತೆ ನೋಡಿದರೆ ಎರಡೂ ಅಲ್ಲ. ಏಕಾದಶಿಗೆ ಅಜ್ಜಿ ಮಾಡುವುದೂ ಫಾಸ್ಟೇ, ಆದರೆ ಅದು ನೌನ್ ಎಂದು ಮಾತು ತಿರುಗಿಸಿದೆ.

"ನೋಡು, ಪದದ ಮುಖ ನೋಡಿ ಮರುಳಾಗಬಾರದು. ವಾಕ್ಯದಲ್ಲಿ ಅದು ಏನು ಕೆಲಸ ಮಾಡುತ್ತದೆ ಅಂತ ನೋಡಬೇಕು."

"ಕೊನೆಗೆ ಎಲ್ ವೈ ಬಂದರೆ ಆಡ್ವರ್ಬ್ ಅಲ್ವಾ?"

"ನಂಬಬೇಡ. ಫ್ಯಾಮಿಲಿ ನೌನ್. ಫ್ರೆಂಡ್ಲಿ ಆಡ್ಜೆಕ್ಟಿವ್."

ಇದು ಅಷ್ಟೂ ಸರಿಯೇ. ಎಡವಿದ್ದು ಮುಂದಿನ ವಾಕ್ಯದಲ್ಲಿ. ರಾಮು ಎಂಬವನು ಟೇಬಲ್ಲಿನ ಹತ್ತಿರ ಕುಳಿತಿದ್ದ. ನಡುವೆ ಒಂದು ಪದ: ಐ, ಡಿ, ಎಲ್, ವೈ. ಪೇಟೆಯ ಹೋಟೆಲಿನ ಬೋರ್ಡಿನಲ್ಲಿ ನಾನು ದಿನಾ ನೋಡುವ ಸ್ಪೆಲ್ಲಿಂಗ್. ಕುಳಿತಿದ್ದಾನೆ, ಟೇಬಲ್ ಉಂಟು, ಇನ್ನೇನು ಬೇಕು?

"ಇಡ್ಲಿ. ತಿಂಡಿಯ ಹೆಸರು. ಕಣ್ಣು ಮುಚ್ಚಿ ನೌನ್ ಅಂತ ಬರೆ."

"ಎಲ್ ವೈ ಉಂಟಲ್ಲ ಮಾವ..."

"ಈಗ ತಾನೇ ಹೇಳಿದ್ದೇನಲ್ಲ, ಅದನ್ನು ನಂಬಬೇಡ ಅಂತ!"

ಮರುದಿನ ಸಂಜೆ ಪುಸ್ತಕದಲ್ಲಿ ಕೆಂಪು ಗೀಟು. ಅದು ಇಡ್ಲಿ ಅಲ್ಲವಂತೆ, ಐಡ್ಲಿ. ಏನೂ ಕೆಲಸ ಮಾಡದೆ, ಸೋಮಾರಿಯಾಗಿ ಎಂದು ಅರ್ಥ. ಎಲ್ ವೈ ಇರುವ ಸಾಚಾ ಆಡ್ವರ್ಬ್. ಯಾರು ಹೇಳಿಕೊಟ್ಟದ್ದು ಅಂತ ಟೀಚರು ಕೇಳಿದರಂತೆ. ಇವನು ಎದ್ದು ನಿಂತು, ಇಡೀ ಕ್ಲಾಸಿಗೆ ಕೇಳುವ ಹಾಗೆ, "ಮಾವ" ಅಂದನಂತೆ. ಹುಡುಗನಿಗೆ ಸತ್ಯ ಹೇಳುವ ಚಟ ಸ್ವಲ್ಪ ಜಾಸ್ತಿ.

ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದೆ. ಒಳಗಿಂದ ಅಕ್ಕನ ಸ್ವರ ಬಂತು.

"ಮಗಾ, ಮಾವ ಎಲ್ಲಿ? ತೋಟದಲ್ಲಿ ಅಡಿಕೆ ಹೆಕ್ಕಲಿಕ್ಕುಂಟು."

"ಜಗಲಿಯಲ್ಲಿ ಇಡ್ಲಿಯಾಗಿ ಕೂತಿದ್ದಾರೆ ಅಮ್ಮಾ."